ಬೊಮ್ಮಸಂದ್ರದಲ್ಲಿ ನಿಂತ ಹಳಿ: ಹೊಸೂರು ಮೆಟ್ರೋ ಯಾಕೆ ಮುಂದೆ ಸಾಗುತ್ತಿಲ್ಲ?

ಗಡಿನಾಡ ಕನ್ನಡ ಅಂದ ಕೂಡಲೇ ನಮ್ಮ ಸೆಮಿನಾರುಗಳಲ್ಲಿ ಶಾಸನ, ಜಾನಪದ, ಕನ್ನಡ ಶಾಲೆ ಈ ಮೂರು ವಿಷಯಗಳು ಬರುತ್ತವೆ. ನಾನು ಮೆಟ್ರೋ ಬಗ್ಗೆ ಮಾತಾಡ್ತೀನಿ ಅಂದಾಗ ಸ್ನೇಹಿತರು ನಕ್ಕರು. ಸಾಹಿತ್ಯದ ವಿದ್ಯಾರ್ಥಿನಿಗೆ ಹಳಿ, ವೋಲ್ಟೇಜು ಯಾಕೆ ಅಂತ ಕೇಳಿದರು. ಉತ್ತರ ಸರಳ. ಕಾಸರಗೋಡಿನವರಿಗೆ ಮಂಗಳೂರು ಹೇಗೋ ಹೊಸೂರಿನ ಕನ್ನಡದವರಿಗೆ ಬೆಂಗಳೂರು ಹಾಗೆ. ಓದು, ಆಸ್ಪತ್ರೆ, ಕೂಲಿ, ನೆಂಟಸ್ತಿಕೆ ಎಲ್ಲ ಅಲ್ಲಿಗೇ. ಆ ದಾರಿ ಹೇಗಿದೆ ಅನ್ನುವುದರ ಮೇಲೆ ಒಂದು ಭಾಷಾ ಸಮುದಾಯ ತನ್ನ ಭಾಷೆಯ ದೊಡ್ಡ ಊರಿನ ಜೊತೆ ಎಷ್ಟು ಹತ್ತಿರ ಇರುತ್ತದೆ ಅನ್ನೋದು ನಿಂತಿದೆ. ಹಾಗಾಗಿ ಇದು ಸಾರಿಗೆಯ ವಿಷಯ ಆದಷ್ಟೇ ಭಾಷೆಯ ವಿಷಯವೂ ಹೌದು.

ಇವತ್ತು ನಾನು ಹೇಳಬೇಕೆಂದಿರುವುದು ಒಂದೇ ಮಾತು. ಬೊಮ್ಮಸಂದ್ರದಿಂದ ಹೊಸೂರಿಗೆ ಮೆಟ್ರೋ ಬರುವುದು ತಡವಾಗುತ್ತಿರುವುದಕ್ಕೆ ಯಾರೋ ಒಬ್ಬ ಅಧಿಕಾರಿಯ ಸೋಮಾರಿತನ ಕಾರಣವಲ್ಲ. ನಮ್ಮ ದೇಶದಲ್ಲಿ ನಗರ ರೈಲಿಗೆ ಇರುವ ಪ್ರತಿಯೊಂದು ನಿಯಮವೂ ಒಂದು ನಗರ ಒಂದೇ ರಾಜ್ಯದೊಳಗೆ ಮುಗಿಯುತ್ತದೆ ಎಂದು ಭಾವಿಸಿಕೊಂಡಿದೆ. ಗಡಿ ದಾಟಿ ಬೆಳೆದ ಊರು ಆ ನಿಯಮಗಳ ಯಾವ ಖಾನೆಯಲ್ಲೂ ಕೂರುವುದಿಲ್ಲ. ಇದನ್ನು ಹಂತ ಹಂತವಾಗಿ ತೋರಿಸಲು ಪ್ರಯತ್ನಿಸುತ್ತೇನೆ.

ಊರು ಮತ್ತು ದಾರಿ

ಸೊಲ್ಲಾಪುರ, ಆದೋನಿ, ವಯನಾಡು ಕಡೆಯಿಂದ ಕೇಳುತ್ತಿರುವವರಿಗಾಗಿ ಸ್ವಲ್ಪ ಪರಿಚಯ. ಹೊಸೂರು ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯಲ್ಲಿದೆ. ಈ ಜಿಲ್ಲೆ 2004ರಲ್ಲಿ ಧರ್ಮಪುರಿಯಿಂದ ಬೇರೆಯಾಯಿತು, ಅದಕ್ಕೂ ಮೊದಲು ನಾವು ಸೇಲಂ ಜಿಲ್ಲೆಯವರು. ಹೊಸೂರು, ತಳಿ, ಕೆಲಮಂಗಲ, ಡೆಂಕಣಿಕೋಟೆ ಸುತ್ತಿನ ಹಳ್ಳಿಗಳಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಮನೆಮಾತು. ಊರಿನ ಹೆಸರೇ ಹೊಸ ಊರು. ನಮ್ಮ ಕಡೆ ಒಂದೇ ಬೀದಿಯಲ್ಲಿ ಅಂಗಡಿಯವರ ಹತ್ತಿರ ತಮಿಳು, ಪಕ್ಕದ ಮನೆಯಲ್ಲಿ ತೆಲುಗು, ಒಲೆ ಮುಂದೆ ಕನ್ನಡ ಆಡುವುದು ವಿಶೇಷ ಅಲ್ಲವೇ ಅಲ್ಲ.

1970–80ರ ದಶಕಗಳಲ್ಲಿ ಸಿಪ್ಕಾಟ್ ಕೈಗಾರಿಕಾ ಪ್ರದೇಶ ಬಂತು. ಟಿವಿಎಸ್, ಅಶೋಕ್ ಲೇಲ್ಯಾಂಡ್, ಟೈಟಾನ್ ಬಂದವು. ಬೆಂಗಳೂರು ದಕ್ಷಿಣಕ್ಕೆ ಬೆಳೆದು ಎಲೆಕ್ಟ್ರಾನಿಕ್ ಸಿಟಿ, ಬೊಮ್ಮಸಂದ್ರ, ಚಂದಾಪುರ, ಅತ್ತಿಬೆಲೆವರೆಗೆ ಬಂತು. ಹೊಸೂರು ಉತ್ತರಕ್ಕೆ ಬೆಳೆದು ಜೂಜುವಾಡಿವರೆಗೆ ಹೋಯಿತು. ಈಗ ಹೆದ್ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ನೋಡುವವರಿಗೆ ಒಂದು ಊರು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಅಂತ ಗೊತ್ತಾಗುವುದು ಬೋರ್ಡಿನ ಲಿಪಿ ಬದಲಾದಾಗ ಮಾತ್ರ.

ನಾನು ಎಂ.ಎ. ತರಗತಿಗೆ ಹೋಗುವ ದಾರಿಯನ್ನೇ ಉದಾಹರಣೆಗೆ ಹೇಳುತ್ತೇನೆ. ತಳಿ ಕಡೆಯ ನಮ್ಮ ಹಳ್ಳಿಯಿಂದ ಹೊಸೂರಿಗೆ ಒಂದು ಬಸ್ಸು. ಹೊಸೂರಿನಿಂದ ಗಡಿ ದಾಟಲು ಇನ್ನೊಂದು. ಬೊಮ್ಮಸಂದ್ರದಲ್ಲಿ ಇಳಿದರೆ ಮೆಟ್ರೋ. ತಮಿಳುನಾಡಿನ ಟೌನ್ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ, 2021ರಿಂದ ಆ ಯೋಜನೆ ಇದೆ. ಅದು ಆ ಕಡೆಗೆ ಮುಗಿಯುತ್ತದೆ. ಕರ್ನಾಟಕದ ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಶುರುವಾಯಿತು, ಅದಕ್ಕೆ ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಬೇಕು. ನನ್ನ ಆಧಾರ್‌ನಲ್ಲಿ ಇರುವುದು ಕೃಷ್ಣಗಿರಿ ಜಿಲ್ಲೆ. ಇದನ್ನು ದೂರಾಗಿ ಹೇಳುತ್ತಿಲ್ಲ, ರಾಜ್ಯದ ಖಜಾನೆಯಿಂದ ನಡೆಯುವ ಯೋಜನೆಗೆ ರಾಜ್ಯದ ವಿಳಾಸ ಕೇಳುವುದು ಸಹಜ. ಆದರೆ ಒಂದೇ ಪ್ರಯಾಣ ಗಡಿಯಲ್ಲಿ ಎರಡು ತುಂಡಾಗುವುದು ಹೇಗೆ ಅನ್ನುವುದಕ್ಕೆ ಇದಕ್ಕಿಂತ ಸುಲಭದ ಉದಾಹರಣೆ ನನಗೆ ಸಿಕ್ಕಿಲ್ಲ. ಮೆಟ್ರೋ ಕಥೆಯೂ ಇದೇ, ಮೊತ್ತ ಮಾತ್ರ ಕೋಟಿಗಳಲ್ಲಿದೆ.

ಇಲ್ಲಿಯವರೆಗೆ ಆಗಿದ್ದೇನು

ಮೊದಲು ಬೊಮ್ಮಸಂದ್ರದವರೆಗಿನ ಕಥೆ. ನಮ್ಮ ಮೆಟ್ರೋ ಎರಡನೇ ಹಂತಕ್ಕೆ ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2014ರಲ್ಲಿ. ಅದರ ಭಾಗವಾದ ಆರ್.ವಿ. ರಸ್ತೆ–ಬೊಮ್ಮಸಂದ್ರ ಹಳದಿ ಮಾರ್ಗ, 19.15 ಕಿಲೋಮೀಟರ್, 16 ನಿಲ್ದಾಣ, ಉದ್ಘಾಟನೆಯಾದದ್ದು 2025ರ ಆಗಸ್ಟ್ 10ರಂದು. ಅಂದರೆ 11 ವರ್ಷ. ಮೇಲ್ಸೇತುವೆ ಎದ್ದು ನಿಂತಿತ್ತು, ರೈಲು ಇರಲಿಲ್ಲ. ಬೋಗಿಗಳ ಗುತ್ತಿಗೆ 2019ರಲ್ಲಿ ಚೀನಾದ ಕಂಪನಿಗೆ ಹೋಯಿತು, ಇಲ್ಲಿಯೇ ತಯಾರಿಸಬೇಕೆಂಬ ಷರತ್ತು ಈಡೇರಲು ವರ್ಷಗಳು ಹಿಡಿದವು, ಮೊದಲ ರೈಲು ಬೆಂಗಳೂರು ತಲುಪಿದ್ದು 2024ರ ಫೆಬ್ರವರಿಯಲ್ಲಿ. ಮಾರ್ಗ ತೆರೆದಾಗ ಓಡಿದ್ದು ಮೂರೇ ರೈಲು, ಒಂದು ಹೋದರೆ ಇನ್ನೊಂದಕ್ಕೆ 25 ನಿಮಿಷ ಕಾಯಬೇಕಿತ್ತು. ಒಂದೇ ರಾಜ್ಯ, ಒಂದೇ ಕಂಪನಿ, ಮಂಜೂರಾದ ಹಣ, ಇಷ್ಟೆಲ್ಲ ಇದ್ದ ಮಾರ್ಗಕ್ಕೇ 11 ವರ್ಷ. ಈ ಅಳತೆಯನ್ನು ನೆನಪಿಟ್ಟುಕೊಂಡು ಹೊಸೂರಿನದನ್ನು ನೋಡಬೇಕು.

ಹೊಸೂರು ವಿಸ್ತರಣೆಯ ಬೇಡಿಕೆ ಹಳೆಯದು. ಕಡತಕ್ಕೆ ಜೀವ ಬಂದದ್ದು 2022ರಲ್ಲಿ, ತಮಿಳುನಾಡು ಅಧ್ಯಯನ ಮಾಡಿಸಲು ಕರ್ನಾಟಕ ಸರ್ಕಾರ ಒಪ್ಪಿದ ಮೇಲೆ. ಆಗ ಹೇಳಿದ ಉದ್ದ 20.5 ಕಿಲೋಮೀಟರ್. ಅದರಲ್ಲಿ 11.7 ಕರ್ನಾಟಕದೊಳಗೆ, 8.8 ತಮಿಳುನಾಡಿನೊಳಗೆ. ಅಧ್ಯಯನದ ಹೊಣೆ ಚೆನ್ನೈ ಮೆಟ್ರೋ ಕಂಪನಿಗೆ ಬಂತು. ಅದು ಟೆಂಡರ್ ಕರೆದು ಸುಮಾರು 29 ಲಕ್ಷ ರೂಪಾಯಿಗೆ ಒಂದು ಸಲಹಾ ಸಂಸ್ಥೆಗೆ ಕೆಲಸ ಒಪ್ಪಿಸಿತು. ಸಾಧ್ಯತಾ ವರದಿಯ ಬಗ್ಗೆ ಪತ್ರಿಕೆಗಳಲ್ಲಿ ಬಂದ ಅಂಕಿ ಹೀಗಿದೆ: ಸುಮಾರು 23 ಕಿಲೋಮೀಟರ್, 12 ನಿಲ್ದಾಣ, ಹತ್ತಿರ ಹತ್ತಿರ 6,900 ಕೋಟಿ ರೂಪಾಯಿ. ಕಿಲೋಮೀಟರಿಗೆ 300 ಕೋಟಿ ಬಿತ್ತು.

2025ರ ಕೊನೆಯ ಹೊತ್ತಿಗೆ ಬೆಂಗಳೂರು ಮೆಟ್ರೋ ನಿಗಮದ ಅಭಿಪ್ರಾಯ ಹೊರಬಂತು. ಹಳದಿ ಮಾರ್ಗಕ್ಕೆ ಹೊಸೂರಿನ ಮಾರ್ಗವನ್ನು ಜೋಡಿಸುವುದು ತಾಂತ್ರಿಕವಾಗಿ ಸಾಧ್ಯವಿಲ್ಲ, ಎರಡರ ವಿದ್ಯುತ್ ವ್ಯವಸ್ಥೆ ಬೇರೆ ಬೇರೆ, ಅಂತ. ಊರಿನಲ್ಲಿ ಇದನ್ನು ಹೇಗೆ ಹೇಳುತ್ತಾರೆ ಗೊತ್ತಾ? "ಕರೆಂಟ್ ಸೇರಾಕಿಲ್ವಂತೆ ಕಣಮ್ಮ, ಅದ್ಕೆ ಮೆಟ್ರೋ ಬರಾಕಿಲ್ಲ." ನಿಜವಾಗಿ ಸೇರುವುದಿಲ್ಲವಾ, ಅದನ್ನು ನೋಡೋಣ.

750 ವೋಲ್ಟ್, 25 ಸಾವಿರ ವೋಲ್ಟ್

ನಮ್ಮ ಮೆಟ್ರೋಗೆ ತಲೆ ಮೇಲೆ ತಂತಿ ಇಲ್ಲ. ಹಳಿಯ ಪಕ್ಕದಲ್ಲಿ ಇನ್ನೊಂದು ಹಳಿ ಇದೆ, ಅದನ್ನು ಮೂರನೇ ಹಳಿ ಅನ್ನುತ್ತಾರೆ. ಅದರಲ್ಲಿ 750 ವೋಲ್ಟ್ ಡಿಸಿ ವಿದ್ಯುತ್ ಹರಿಯುತ್ತದೆ, ರೈಲಿನ ಅಡಿಯ ಒಂದು ಲೋಹದ ಶೂ ಅದನ್ನು ಮುಟ್ಟಿಕೊಂಡು ಹೋಗುತ್ತದೆ. ಕೊಚ್ಚಿ ಮೆಟ್ರೋ, ಕೋಲ್ಕತಾ ಮೆಟ್ರೋ ಕೂಡ ಹೀಗೆಯೇ. ಚೆನ್ನೈ, ದೆಹಲಿ, ಹೈದರಾಬಾದ್‌ಗಳಲ್ಲಿ ಸಾಮಾನ್ಯ ರೈಲಿನಂತೆ ಮೇಲೆ ತಂತಿ ಇದೆ, ಅದರಲ್ಲಿ 25 ಸಾವಿರ ವೋಲ್ಟ್ ಎಸಿ.

ವ್ಯತ್ಯಾಸ ಅರ್ಥವಾಗಲು ನಮ್ಮ ತೋಟದ ಪಂಪ್‌ಸೆಟ್ ನೆನೆಸಿಕೊಳ್ಳಿ. ಟ್ರಾನ್ಸ್‌ಫಾರ್ಮರ್ ಹತ್ತಿರದ ಮೋಟಾರು ಚೆನ್ನಾಗಿ ಓಡುತ್ತದೆ, ಲೈನಿನ ಕೊನೆಯವರ ಮೋಟಾರು ಗುಂಯ್ ಅಂತ ನಿಂತುಬಿಡುತ್ತದೆ. ಕಡಿಮೆ ವೋಲ್ಟೇಜಿನಲ್ಲಿ ಅಷ್ಟೇ ಶಕ್ತಿ ಕಳಿಸಬೇಕಾದರೆ ಹೆಚ್ಚು ಕರೆಂಟ್ ಹರಿಯಬೇಕು, ಹೆಚ್ಚು ಹರಿದಷ್ಟೂ ದಾರಿಯಲ್ಲಿ ನಷ್ಟ ಹೆಚ್ಚು. ಹಾಗಾಗಿ 750 ವೋಲ್ಟ್ ಮಾರ್ಗಕ್ಕೆ ಸಬ್‌ಸ್ಟೇಷನ್‌ಗಳನ್ನು ಹತ್ತಿರ ಹತ್ತಿರ ಹಾಕಬೇಕು. ಲಾಭ ಏನೆಂದರೆ ಮೇಲೆ ಕಂಬ, ತಂತಿ ಬೇಡ, ಸುರಂಗ ಚಿಕ್ಕದಿದ್ದರೂ ನಡೆಯುತ್ತದೆ. 25 ಸಾವಿರ ವೋಲ್ಟ್ ಆದರೆ ಸಬ್‌ಸ್ಟೇಷನ್ ದೂರ ದೂರ ಸಾಕು, ಆದರೆ ರೈಲಿನಲ್ಲೇ ಟ್ರಾನ್ಸ್‌ಫಾರ್ಮರ್ ಹೊರಬೇಕು, ಮೇಲೆ ಸಾಕಷ್ಟು ಜಾಗ ಬಿಡಬೇಕು.

ಹೊಸೂರು ಮಾರ್ಗಕ್ಕೆ ಸೂಚಿಸಿದ್ದು 25 ಸಾವಿರ ವೋಲ್ಟ್. ಅಧ್ಯಯನ ಮಾಡಿಸಿದ ಚೆನ್ನೈ ಮೆಟ್ರೋ ಬಳಸುವುದೂ ಅದನ್ನೇ. ಹೀಗಾದರೆ ಹಳದಿ ಮಾರ್ಗದ ರೈಲು ಹೊಸೂರಿನ ಹಳಿ ಮೇಲೆ ಓಡದು, ಹೊಸೂರಿನ ರೈಲು ಹಳದಿ ಮಾರ್ಗದಲ್ಲಿ ಓಡದು. ನಿಗಮ ಹೇಳಿದ್ದು ಈ ಅರ್ಥದಲ್ಲಿ ಸರಿ. ಆದರೆ ಒಂದೇ ರೈಲು ಓಡಲಾರದು ಎನ್ನುವುದಕ್ಕೂ ಮಾರ್ಗವೇ ಬರಲಾರದು ಎನ್ನುವುದಕ್ಕೂ ಬಹಳ ಅಂತರ ಇದೆ. ಕನಿಷ್ಠ ಮೂರು ದಾರಿಗಳಿವೆ. ಒಂದು, ಹೊಸೂರು ಮಾರ್ಗವನ್ನೂ 750 ವೋಲ್ಟ್‌ನಲ್ಲೇ ಕಟ್ಟುವುದು. ಎರಡು, ಬೊಮ್ಮಸಂದ್ರದಲ್ಲಿ ಪಕ್ಕದ ಪ್ಲಾಟ್‌ಫಾರ್ಮಿಗೆ ಇಳಿದು ರೈಲು ಬದಲಿಸುವುದು. ಮೆಜೆಸ್ಟಿಕ್‌ನಲ್ಲಿ ನೇರಳೆಯಿಂದ ಹಸಿರಿಗೆ ದಿನವೂ ಲಕ್ಷಾಂತರ ಜನ ಹೀಗೆ ಬದಲಿಸುತ್ತಾರೆ. ಮೂರು, ಎರಡೂ ವಿದ್ಯುತ್ತಿನಲ್ಲಿ ಓಡುವ ರೈಲು ತರುವುದು. ಲಂಡನ್ನಿನ ಥೇಮ್ಸ್‌ಲಿಂಕ್ ರೈಲುಗಳು 1988ರಿಂದಲೂ ಊರಿನ ಮಧ್ಯದಲ್ಲಿ 750 ವೋಲ್ಟ್ ಡಿಸಿಯಿಂದ 25 ಸಾವಿರ ವೋಲ್ಟ್ ಎಸಿಗೆ ಬದಲಾಗಿ ಓಡುತ್ತಿವೆ. ಮೂರಕ್ಕೂ ಖರ್ಚಿದೆ, ತೊಡಕಿದೆ. ಆದರೆ ಇವು ಆಯ್ಕೆಗಳು. ಯಾವ ಆಯ್ಕೆ ಎಂದು ಕೂತು ತೀರ್ಮಾನಿಸುವ ಮೇಜು ಒಂದು ಬೇಕು. ಆ ಮೇಜು ಎಲ್ಲೂ ಇಲ್ಲ.

ಹಣ ಯಾರದ್ದು?

ಮೇಜು ಯಾಕಿಲ್ಲ ಅಂತ ತಿಳಿಯಲು ಹಣದ ನಿಯಮ ನೋಡಬೇಕು. 2017ರ ಆಗಸ್ಟ್‌ನಲ್ಲಿ ಕೇಂದ್ರ ಹೊಸ ಮೆಟ್ರೋ ರೈಲು ನೀತಿ ತಂದಿತು. ಅದರ ಪ್ರಕಾರ ಕೇಂದ್ರದ ನೆರವು ಮೂರು ರೀತಿಯಲ್ಲಿ ಸಿಗಬಹುದು: ಖಾಸಗಿ ಸಹಭಾಗಿತ್ವಕ್ಕೆ ಕೊರತೆ ತುಂಬುವ ನಿಧಿ, ಯೋಜನಾ ವೆಚ್ಚದ ಶೇ. 10ರಷ್ಟು ಅನುದಾನ, ಅಥವಾ ಕೇಂದ್ರ–ರಾಜ್ಯ ಸಮಪಾಲಿನ ಕಂಪನಿ. ಮೂರರಲ್ಲೂ ಖಾಸಗಿಯವರ ಒಂದಲ್ಲ ಒಂದು ಪಾಲು ಕಡ್ಡಾಯ. ಮೆಟ್ರೋ ಕೇಳುವ ಮುಂಚೆ ಬಸ್ಸು, ಲೈಟ್ ರೈಲ್ ಮುಂತಾದ ಪರ್ಯಾಯಗಳನ್ನು ಹೋಲಿಸಿ ತೋರಿಸಬೇಕು. ಯೋಜನೆಯಿಂದ ಸಮಾಜಕ್ಕೆ ಶೇ. 14ರಷ್ಟು ಆರ್ಥಿಕ ಲಾಭ ಇರಬೇಕು. ನಗರ ಸಾರಿಗೆಗೆ ಒಂದು ಏಕೀಕೃತ ಪ್ರಾಧಿಕಾರ ಇರಬೇಕು.

ಇವೆಲ್ಲ ತಾವಾಗಿ ಒಳ್ಳೆಯ ನಿಯಮಗಳೇ. ಆದರೆ ಗಡಿ ದಾಟುವ ಮಾರ್ಗಕ್ಕೆ ಹಚ್ಚಿ ನೋಡಿ. ಸಮಪಾಲು ಅಂದರೆ ಕೇಂದ್ರ ಮತ್ತು ಯಾವ ರಾಜ್ಯ? ಬೆಂಗಳೂರಿನ ಕಂಪನಿ ಕೇಂದ್ರ ಮತ್ತು ಕರ್ನಾಟಕದ್ದು, ಚೆನ್ನೈ ಕಂಪನಿ ಕೇಂದ್ರ ಮತ್ತು ತಮಿಳುನಾಡಿನದ್ದು. ಏಕೀಕೃತ ಪ್ರಾಧಿಕಾರ ಅಂದರೆ ಯಾವುದು? ಬೆಂಗಳೂರು ಮಹಾನಗರ ಭೂ ಸಾರಿಗೆ ಪ್ರಾಧಿಕಾರಕ್ಕೆ 2022ರಲ್ಲಿ ಕಾನೂನಾಯಿತು, ಅದರ ಕೈ ಜೂಜುವಾಡಿ ದಾಟುವುದಿಲ್ಲ. ಆರ್ಥಿಕ ಲಾಭ ಅಂದರೆ ಯಾರ ಲಾಭ? ಹೊಸೂರಿನವರು ಬೆಂಗಳೂರಿಗೆ ಬೇಗ ತಲುಪಿದರೆ ಉಳಿದ ಸಮಯ ಯಾವ ರಾಜ್ಯದ ಖಾತೆಗೆ ಬರೆಯಬೇಕು?

ಜನಸಂಖ್ಯೆಯ ಮಾತೂ ಇದೆ. 2025ರ ನವೆಂಬರ್‌ನಲ್ಲಿ ಕೊಯಮತ್ತೂರು ಮತ್ತು ಮದುರೈ ಮೆಟ್ರೋ ಪ್ರಸ್ತಾವಗಳನ್ನು ಕೇಂದ್ರ ಹಿಂದಿರುಗಿಸಿತು. 2011ರ ಜನಗಣತಿಯಂತೆ ಈ ನಗರಗಳಲ್ಲಿ 20 ಲಕ್ಷ ಜನ ಇಲ್ಲ ಎಂಬುದು ಒಂದು ಮುಖ್ಯ ಕಾರಣ. ತಮಿಳುನಾಡು ಸರ್ಕಾರ ಇದನ್ನು ತೀವ್ರವಾಗಿ ವಿರೋಧಿಸಿತು. ಕೊಯಮತ್ತೂರಿಗೇ ಇಲ್ಲದ ಅರ್ಹತೆ ಹೊಸೂರಿಗೆ ಎಲ್ಲಿಂದ ಬರಬೇಕು? ಬೆಂಗಳೂರಿನ ವಿಸ್ತರಣೆ ಎಂದು ಎಣಿಸಿದರೆ ಅರ್ಹತೆ ತಾನಾಗಿ ಬರುತ್ತದೆ, ಪ್ರತ್ಯೇಕ ಊರು ಎಂದು ಎಣಿಸಿದರೆ ಬಾಗಿಲು ಮುಚ್ಚುತ್ತದೆ. ಎಲ್ಲ ನಿಂತಿರುವುದು ಹೊಸೂರನ್ನು ಯಾವುದರ ಭಾಗ ಎಂದು ಕರೆಯುತ್ತೇವೆ ಅನ್ನುವುದರ ಮೇಲೆ. ಇಲ್ಲಿ ನಮ್ಮ ವಿಭಾಗದವರಿಗೆ ಪರಿಚಿತವಾದ ಪ್ರಶ್ನೆಯೇ ಬಂತು.

ರಾಜ್ಯದ ಕಿಸೆಯ ಸ್ಥಿತಿಯೂ ಗಮನಿಸಬೇಕು. ಚೆನ್ನೈ ಮೆಟ್ರೋ ಎರಡನೇ ಹಂತಕ್ಕೆ 63,246 ಕೋಟಿ ರೂಪಾಯಿ. 2020ರಲ್ಲಿ ಶಂಕುಸ್ಥಾಪನೆಯಾದರೂ ಕೇಂದ್ರ ಸಂಪುಟದ ಒಪ್ಪಿಗೆ ಬಂದದ್ದು 2024ರ ಅಕ್ಟೋಬರ್‌ನಲ್ಲಿ, ಅಲ್ಲಿಯವರೆಗೆ ಹೊರೆ ಬಹುಪಾಲು ರಾಜ್ಯದ ಮೇಲಿತ್ತು. ರಾಜಧಾನಿಯ ಮಾರ್ಗಕ್ಕೇ ಇಷ್ಟು ಹೆಣಗಾಡಿದ ಖಜಾನೆ ಗಡಿಯ ಊರಿನ ಮಾರ್ಗವನ್ನು ಸಾಲಿನಲ್ಲಿ ಎಷ್ಟನೆಯದಾಗಿ ನಿಲ್ಲಿಸುತ್ತದೆ ಅಂತ ಊಹಿಸುವುದು ಕಷ್ಟವಲ್ಲ.

ಹಗುರ ರೈಲು ಎಂಬ ಆಯ್ಕೆ

ಪರ್ಯಾಯಗಳ ಹೋಲಿಕೆ ಅಂತ ಹೇಳಿದೆ. ಅದರಲ್ಲಿ ಮುಖ್ಯವಾದದ್ದು ಲೈಟ್ ರೈಲ್. ಮೆಟ್ರೋಗಿಂತ ಚಿಕ್ಕ ಬೋಗಿ, ಹಗುರ ಹಳಿ, ಸಾಧ್ಯವಿದ್ದಲ್ಲಿ ನೆಲದ ಮೇಲೆಯೇ ಓಟ. ಕೇಂದ್ರ ಸರ್ಕಾರ 2019ರಲ್ಲಿ ಮೆಟ್ರೋಲೈಟ್ ಎಂಬ ಹೆಸರಿನಲ್ಲಿ ಇದಕ್ಕೆ ಮಾನದಂಡ ಹೊರಡಿಸಿತು. ಮೂರು ಬೋಗಿ, ಸುಮಾರು 300 ಜನ, ಖರ್ಚು ಮೆಟ್ರೋದ ಶೇ. 40ರಷ್ಟು ಎಂಬುದು ಅದರ ಅಂದಾಜು. 2020ರಲ್ಲಿ ರಬ್ಬರ್ ಚಕ್ರದ ಮೆಟ್ರೋ ನಿಯೋ ಬಂತು. ಹೊಸೂರಿನ 6,900 ಕೋಟಿಯನ್ನು ಶೇ. 40ಕ್ಕೆ ಇಳಿಸಿದರೆ 2,760 ಕೋಟಿ. ಇದು ಕಾಗದದ ಮೇಲಿನ ನನ್ನ ಗುಣಾಕಾರ ಅಷ್ಟೇ, ಎಂಜಿನಿಯರಿನ ಅಂದಾಜಲ್ಲ. ಆದರೂ ಪ್ರಶ್ನೆ ಕೇಳಲು ಇದು ಸಾಕು.

ಹಗುರ ರೈಲು ಎಂದರೆ ಹಗುರವಾಗಿ ಬರುತ್ತದೆ ಎಂದೂ ಅಲ್ಲ. ನಾಸಿಕದ ಮೆಟ್ರೋ ನಿಯೋಗೆ 2021ರ ಕೇಂದ್ರ ಬಜೆಟ್‌ನಲ್ಲಿ 2,092 ಕೋಟಿ ಘೋಷಣೆಯಾಯಿತು, ಆಮೇಲೆ ಯೋಜನೆ ಕುಂಟಿತು. ಕಾಸರಗೋಡಿನ ಸ್ನೇಹಿತರಿಗೆ ತಮ್ಮ ರಾಜ್ಯದ ಕಥೆ ಗೊತ್ತಿದೆ. ತಿರುವನಂತಪುರ ಮತ್ತು ಕೋಝಿಕ್ಕೋಡಿಗೆ ಮೊದಲು ಮೋನೋರೈಲ್ ಎಂದರು, 2014ರಲ್ಲಿ ಅದನ್ನು ಬಿಟ್ಟು ಲೈಟ್ ಮೆಟ್ರೋ ಎಂದರು. ದೆಹಲಿ ಮೆಟ್ರೋ ನಿಗಮ ವರದಿ ಕೊಟ್ಟಿತು, 2017ರ ಹೊಸ ನೀತಿ ಬಂದು ವರದಿಯನ್ನು ಮತ್ತೆ ತಿದ್ದಬೇಕಾಯಿತು, 2018ರ ಮಾರ್ಚ್‌ನಲ್ಲಿ ಇ. ಶ್ರೀಧರನ್ ಅವರ ನೇತೃತ್ವದಲ್ಲಿ ದೆಹಲಿ ನಿಗಮ ಹಿಂದೆ ಸರಿಯಿತು. ತಿರುವನಂತಪುರದ ಹೊಸ ಮಾರ್ಗನಕ್ಷೆಗೆ ರಾಜ್ಯದ ಒಪ್ಪಿಗೆ ಬಂದದ್ದು 2025ರ ನವೆಂಬರ್‌ನಲ್ಲಿ. ಯೋಜನೆಯ ಹೆಸರು ಬದಲಾದಾಗಲೆಲ್ಲ ಗಡಿಯಾರ ಸೊನ್ನೆಗೆ ಹೋಗುತ್ತದೆ ಎಂಬುದು ಅಲ್ಲಿನ ಪಾಠ. ಅದು ಒಂದೇ ರಾಜ್ಯದೊಳಗಿನ ಮಾತು.

ಇನ್ನೊಂದು ಆಯ್ಕೆ ನಮ್ಮ ಕಣ್ಣ ಮುಂದೆಯೇ ಇದೆ. ಬೆಂಗಳೂರು–ಸೇಲಂ ರೈಲು ಮಾರ್ಗ ಹೊಸೂರಿನ ಮೇಲೆಯೇ ಹೋಗುತ್ತದೆ. ಬೈಯಪ್ಪನಹಳ್ಳಿ–ಹೊಸೂರು 48 ಕಿಲೋಮೀಟರ್ ಜೋಡಿ ಹಳಿ ಕೆಲಸವನ್ನು ಕೆ-ರೈಡ್ ಕೈಗೆತ್ತಿಕೊಂಡಿದೆ. ರೈಲ್ವೆ ಸಂವಿಧಾನದ ಕೇಂದ್ರ ಪಟ್ಟಿಯಲ್ಲಿದೆ, ಅದಕ್ಕೆ ಗಡಿ ದಾಟಲು ಯಾರನ್ನೂ ಕೇಳಬೇಕಿಲ್ಲ. ಆದರೆ ಅದೇ ಸಂಸ್ಥೆಯ ಬೆಂಗಳೂರು ಉಪನಗರ ರೈಲಿನ ಕನಕ ಮಾರ್ಗ, 46.8 ಕಿಲೋಮೀಟರ್, ರಾಜಾನುಕುಂಟೆಯಿಂದ ಬಂದು ಹೀಲಲಿಗೆಯಲ್ಲಿ ನಿಲ್ಲುತ್ತದೆ. ಹೀಲಲಿಗೆ ಚಂದಾಪುರದ ಪಕ್ಕ. ಮೆಟ್ರೋ ಬೊಮ್ಮಸಂದ್ರದಲ್ಲಿ, ಉಪನಗರ ರೈಲು ಹೀಲಲಿಗೆಯಲ್ಲಿ. ಎರಡೂ ಗಡಿಯ ಈಚೆಗೇ ಉಸಿರು ಬಿಡುತ್ತವೆ.

ಬೇರೆ ಕಡೆ ಗಡಿ ದಾಟಿದ್ದು ಹೇಗೆ

ಹಾಗಾದರೆ ರಾಜ್ಯದ ಗಡಿ ದಾಟಿದ ಮೆಟ್ರೋ ನಮ್ಮ ದೇಶದಲ್ಲಿ ಇಲ್ಲವಾ? ಇದೆ. ದೆಹಲಿ ಮೆಟ್ರೋ 2009ರಲ್ಲಿ ಉತ್ತರ ಪ್ರದೇಶದ ನೋಯ್ಡಾಕ್ಕೆ, 2010ರಲ್ಲಿ ಹರಿಯಾಣದ ಗುರುಗ್ರಾಮಕ್ಕೆ, 2015ರಲ್ಲಿ ಫರೀದಾಬಾದಿಗೆ ಹೋಯಿತು. ಕಂಪನಿ ಒಂದೇ, ತಂತ್ರಜ್ಞಾನ ಒಂದೇ, ಪಕ್ಕದ ರಾಜ್ಯಗಳು ತಮ್ಮ ನೆಲದ ಭಾಗಕ್ಕೆ ಹಣ ಕೊಟ್ಟವು. ದೆಹಲಿ–ಮೀರತ್ ವೇಗದ ರೈಲಿಗೆ ಕೇಂದ್ರವೂ ನಾಲ್ಕು ರಾಜ್ಯಗಳೂ ಸೇರಿದ ಕಂಪನಿಯೇ ಇದೆ. ಅದರ ಹಿಂದೆ 1985ರ ರಾಷ್ಟ್ರ ರಾಜಧಾನಿ ಪ್ರದೇಶ ಯೋಜನಾ ಮಂಡಳಿ ಕಾಯ್ದೆ ಇದೆ. ದೆಹಲಿ, ನೋಯ್ಡಾ, ಗುರುಗ್ರಾಮ ಒಂದು ಪ್ರದೇಶ ಎಂದು ಸಂಸತ್ತು ನಲವತ್ತು ವರ್ಷದ ಹಿಂದೆಯೇ ಒಪ್ಪಿಕೊಂಡಿತು. ಬೆಂಗಳೂರು–ಹೊಸೂರಿಗೆ ಅಂಥ ಒಂದು ಸಾಲಿನ ಕಾನೂನೂ ಇಲ್ಲ.

ಲೈಟ್ ರೈಲ್ ದೇಶದ ಗಡಿಯನ್ನೇ ದಾಟಿದ ಉದಾಹರಣೆಗಳಿವೆ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಟ್ರಾಮ್ 2017ರಲ್ಲಿ ರೈನ್ ನದಿ ದಾಟಿ ಜರ್ಮನಿಯ ಕೇಲ್ ಊರಿಗೆ ಹೋಯಿತು. ಜರ್ಮನಿಯ ಸಾರ್‌ಬ್ರೂಕನ್‌ನ ಲೈಟ್ ರೈಲ್ 1997ರಿಂದ ಫ್ರಾನ್ಸಿನ ಸಾರ್‌ಗೆಮಿನ್‌ಗೆ ಹೋಗುತ್ತಿದೆ. ಅದು ಊರೊಳಗೆ 750 ವೋಲ್ಟ್ ಡಿಸಿಯಲ್ಲಿ ಓಡಿ, ಹೊರಗಿನ ರೈಲ್ವೆ ಹಳಿಯ ಮೇಲೆ 15 ಸಾವಿರ ವೋಲ್ಟ್ ಎಸಿಗೆ ಬದಲಾಗುತ್ತದೆ. ಅಂದರೆ ನಮ್ಮಲ್ಲಿ ಅಡ್ಡಿ ಎಂದು ಹೇಳುವ ಎರಡೂ, ಗಡಿ ಮತ್ತು ವೋಲ್ಟೇಜು, ಅಲ್ಲಿ ಒಂದೇ ಮಾರ್ಗದಲ್ಲಿ ಸಿಗುತ್ತವೆ. ಜರ್ಮನಿಯಷ್ಟು ಹಣ ನಮ್ಮಲ್ಲಿಲ್ಲ ಎನ್ನಬಹುದು, ಒಪ್ಪುತ್ತೇನೆ. ಆದರೆ ಆಗ ಕಾರಣ ಹಣ ಎಂದು ಹೇಳಬೇಕು, ತಂತ್ರಜ್ಞಾನ ಎಂದು ಹೇಳಬಾರದು.

ಕಡತದ ಕ್ರಿಯಾಪದ

ಇಲ್ಲಿ ಸಾಹಿತ್ಯದ ವಿದ್ಯಾರ್ಥಿನಿಯಾಗಿ ಒಂದು ಮಾತು. ಸರ್ಕಾರಿ ಕನ್ನಡದಲ್ಲಿ ಒಂದು ಕ್ರಿಯಾಪದ ಇದೆ: ಪರಿಶೀಲಿಸಲಾಗುತ್ತಿದೆ, ಕ್ರಮ ಕೈಗೊಳ್ಳಲಾಗುವುದು, ಮನವಿ ಸ್ವೀಕರಿಸಲಾಗಿದೆ. ವ್ಯಾಕರಣದಲ್ಲಿ ಇದು ಕರ್ಮಣಿ ಪ್ರಯೋಗ. ಕರ್ತೃವನ್ನು ಹೇಳಲೇಬೇಕಿಲ್ಲ. ಆಡುಮಾತಿನಲ್ಲಿ ನಾವು ಹೀಗೆ ಮಾತಾಡುವುದಿಲ್ಲ. "ಊಟ ಮಾಡಲಾಯಿತು" ಅಂತ ಯಾರೂ ಅನ್ನಲ್ಲ, "ಉಂಡೆ" ಅಂತೀವಿ. ಉಂಡವರು ಯಾರು ಅಂತ ಗೊತ್ತಾಗುತ್ತದೆ.

ಹೊಸೂರು ಮೆಟ್ರೋ ಬಗ್ಗೆ ಬಂದ ಹೇಳಿಕೆಗಳನ್ನು ಓದುವಾಗ ನನಗೆ ಕಂಡದ್ದು ಈ ಕರ್ತೃವಿಲ್ಲದ ವಾಕ್ಯ. ತಾಂತ್ರಿಕವಾಗಿ ಸಾಧ್ಯವಿಲ್ಲ, ಅನ್ನುವಲ್ಲೂ ಕರ್ತೃ ಇಲ್ಲ. ಯಾರಿಗೆ ಸಾಧ್ಯವಿಲ್ಲ? ಎಷ್ಟು ಖರ್ಚಿನೊಳಗೆ? ಯಾವ ಆಯ್ಕೆಯನ್ನು ಬಿಟ್ಟ ಮೇಲೆ? ಒಂದೇ ರಾಜ್ಯದ ಯೋಜನೆಯಾದರೆ ಜನ ಶಾಸಕರ ಮನೆ ಮುಂದೆ ನಿಂತು ಕರ್ತೃವನ್ನು ವಾಕ್ಯದೊಳಕ್ಕೆ ಎಳೆದು ತರುತ್ತಾರೆ. ಎರಡು ರಾಜ್ಯಗಳ ನಡುವೆ ವಾಕ್ಯ ಕರ್ತೃವಿಲ್ಲದೆ ವರ್ಷಗಟ್ಟಲೆ ಓಡಾಡಬಹುದು. ಹೊಸೂರಿನ ಮತ ಚೆನ್ನೈಗೆ, ಬೊಮ್ಮಸಂದ್ರದ ನಿಲ್ದಾಣ ಬೆಂಗಳೂರಿಗೆ.

ಲೆಕ್ಕಕ್ಕೆ ಬಾರದವರು

ಕೊನೆಯದಾಗಿ, ಸ್ವಲ್ಪ ನೋವಿನ ವಿಷಯ. ಈ ಮಾರ್ಗ ಬೇಡ ಎಂದು ಕರ್ನಾಟಕದಲ್ಲಿ ಕೆಲವು ಕನ್ನಡಪರ ದನಿಗಳು ಎದ್ದವು. ಮೆಟ್ರೋ ಬಂದರೆ ಕೈಗಾರಿಕೆ ಹೊಸೂರಿಗೆ ಹೋಗುತ್ತದೆ, ನಮ್ಮ ಹಣದಲ್ಲಿ ಅವರ ಜಮೀನಿಗೆ ಬೆಲೆ ಬರುತ್ತದೆ, ಬೆಂಗಳೂರಿನಲ್ಲಿ ತಮಿಳರು ಹೆಚ್ಚಾಗುತ್ತಾರೆ ಎಂಬುದು ವಾದ. ಮೊದಲ ಎರಡು ಮಾತಿಗೆ ಅರ್ಥಶಾಸ್ತ್ರದ ಉತ್ತರ ಬೇಕು. ವೆಚ್ಚ ಹಂಚಿಕೆ ನ್ಯಾಯವಾಗಿರಬೇಕು ಎಂದು ಕರ್ನಾಟಕ ಕೇಳುವುದು ಸರಿಯೇ. ಮೂರನೆಯ ಮಾತನ್ನು ನಮ್ಮ ಹಳ್ಳಿಯಲ್ಲಿ ಕೂತು ಕೇಳಿದಾಗ ಬೇರೆ ಥರ ಕೇಳಿಸುತ್ತದೆ. ಹೊಸೂರಿನಿಂದ ಬರುವವರೆಲ್ಲ ತಮಿಳರು ಎಂದು ಈ ವಾದ ಎಣಿಸಿಕೊಂಡಿದೆ. ಅದರಲ್ಲಿ ನಾವಿಲ್ಲ.

ಆ ಕಡೆ ತಮಿಳುನಾಡಿನ ಲೆಕ್ಕದಲ್ಲೂ ನಾವು ಹೊಸೂರಿನ ಪ್ರಯಾಣಿಕರು ಅಷ್ಟೇ. 2006ರ ತಮಿಳು ಕಲಿಕಾ ಕಾಯ್ದೆಯ ನಂತರ ಶಾಲೆಗಳಲ್ಲಿ ತಮಿಳು ಕಡ್ಡಾಯವಾಗಿ, ಕನ್ನಡ ಮಾಧ್ಯಮದ ಮಕ್ಕಳ ಪರೀಕ್ಷೆಯ ವಿಷಯ ನ್ಯಾಯಾಲಯದವರೆಗೂ ಹೋದದ್ದು ಇಲ್ಲಿರುವವರಿಗೆ ತಿಳಿದಿದೆ. ಕನ್ನಡದಲ್ಲಿ ಮುಂದೆ ಓದಬೇಕು ಎನ್ನುವ ಮಗುವಿಗೆ ಹತ್ತಿರದ ಬಾಗಿಲು ಬೆಂಗಳೂರು. ದಾರಿ ಸುಲಭವಾದರೆ ಮನೆಯಲ್ಲಿದ್ದುಕೊಂಡೇ ಹೋಗಿ ಬರಬಹುದು. ಕಷ್ಟವಾದರೆ ಹಾಸ್ಟೆಲಿನ ಖರ್ಚು, ಇಲ್ಲವೇ ಹತ್ತಿರದ ಬೇರೆ ಮಾಧ್ಯಮದ ಕಾಲೇಜು. ಹೆಣ್ಣುಮಕ್ಕಳ ವಿಷಯದಲ್ಲಿ ಎರಡನೆಯದೇ ಹೆಚ್ಚು. ನಮ್ಮ ಕಡೆ ಅಪ್ಪ ಅಮ್ಮ ಕೇಳುವುದು ಎಷ್ಟು ಫೀಸು ಅಂತಲ್ಲ, ಸಾಯಂಕಾಲ ಎಷ್ಟು ಗಂಟೆಗೆ ಮನೆಗೆ ಬರ್ತೀಯ ಅಂತ. ಕನ್ನಡದ ಉಳಿವಿನ ಬಗ್ಗೆ ನಾವು ಬರೆಯುವ ಪ್ರಬಂಧಗಳಲ್ಲಿ ಈ ಪ್ರಶ್ನೆಗೂ ಒಂದು ಪುಟ ಇರಬೇಕು.

ಚರ್ಚೆಯಲ್ಲಿ ಬಂದ ಪ್ರಶ್ನೆಗಳು

ಒಬ್ಬ ಅಧ್ಯಾಪಕರು: ಹೊಸೂರಿನಷ್ಟು ಜನಕ್ಕೆ 6,900 ಕೋಟಿ ಜಾಸ್ತಿ ಆಗಲ್ಲವಾ? ಒಳ್ಳೆಯ ಬಸ್ಸು ಸಾಕಲ್ಲ?

ಸರ್, ಸಾಕಾಗಬಹುದು. ಅದನ್ನೇ ಹೋಲಿಸಿ ತೋರಿಸಿ ಅಂತ 2017ರ ನೀತಿಯೂ ಹೇಳುತ್ತದೆ. ಬಸ್ಸು, ಮೆಟ್ರೋಲೈಟ್, ಹೀಲಲಿಗೆಯಿಂದ ಉಪನಗರ ರೈಲು, ಮೆಟ್ರೋ, ನಾಲ್ಕನ್ನೂ ಅಕ್ಕಪಕ್ಕ ಇಟ್ಟು ನೋಡಲಿ. ಬಸ್ಸೇ ಸರಿ ಎಂದು ಬಂದರೂ ಎರಡು ರಾಜ್ಯಗಳ ಪರ್ಮಿಟ್, ಟಿಕೆಟ್, ರಿಯಾಯಿತಿ ಒಂದಾಗಬೇಕಲ್ಲ, ಅದಕ್ಕೂ ಅದೇ ಜಂಟಿ ಮೇಜು ಬೇಕು. ನನ್ನ ವಾದ ಮೆಟ್ರೋ ಬೇಕೇ ಬೇಕು ಅಂತಲ್ಲ. ತೀರ್ಮಾನ ಮಾಡುವವರು ಯಾರು ಅಂತ ಮೊದಲು ಗೊತ್ತಾಗಬೇಕು ಅಂತ.

ಜತ್ತ ಕಡೆಯ ಒಬ್ಬ ಸಂಶೋಧಕರು: ನಮ್ಮಲ್ಲಿ ಮೆಟ್ರೋ ಮಾತೇ ಇಲ್ಲ, ನೀರಿನದು ಇದೇ ಕಥೆ. ಇದನ್ನು ಗಡಿನಾಡಿನ ಸಾಮಾನ್ಯ ಸಮಸ್ಯೆ ಅನ್ನಬಹುದಾ?

ಅನ್ನಬಹುದು ಅಣ್ಣ. ನೀರು, ರೈಲು, ಆಸ್ಪತ್ರೆಯ ಕಾರ್ಡು, ಎಲ್ಲದರಲ್ಲೂ ಸೌಲಭ್ಯ ಗಡಿಯ ಹತ್ತಿರ ಬಂದು ನಿಲ್ಲುತ್ತದೆ. ಆದರೆ ಒಂದೊಂದರ ಕಾನೂನು ಬೇರೆ. ಜತ್ತದ ನೀರಿನ ಕಡತವನ್ನು ನೀವು ಹೀಗೆ ಬಿಡಿಸಿ ಬರೆದರೆ ಎರಡನ್ನೂ ಹೋಲಿಸಿ ನೋಡಬಹುದು. ನಾನು ಕಾಯ್ತೀನಿ.

ಒಬ್ಬ ಸಹಪಾಠಿ: ಸದ್ಯಕ್ಕೆ ನಾವು ಏನು ಕೇಳಬೇಕು?

ಮೂರು ಸಣ್ಣ ಬೇಡಿಕೆ. ಸಾಧ್ಯತಾ ವರದಿಯ ಸಾರಾಂಶ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಹೊರಬರಲಿ, ಹೊಸೂರಿನವರು ಓದುವುದು ಈ ಮೂರನ್ನೇ. ಎರಡು ಮೆಟ್ರೋ ಕಂಪನಿಗಳ ಎಂಜಿನಿಯರುಗಳು ಒಟ್ಟಿಗೆ ಕೂತು ಬೊಮ್ಮಸಂದ್ರದಲ್ಲಿ ರೈಲು ಬದಲಿಸುವ ವ್ಯವಸ್ಥೆಯ ಖರ್ಚು ಎಷ್ಟು ಅಂತ ಒಂದು ಪುಟದಲ್ಲಿ ಹೇಳಲಿ. ಮಾರ್ಗದ ಪ್ರಯಾಣಿಕರನ್ನು ಎಣಿಸುವಾಗ ಎಲ್ಲಿಂದ ಎಲ್ಲಿಗೆ ಅನ್ನುವುದರ ಜೊತೆಗೆ ಯಾಕೆ ಅಂತಲೂ ಕೇಳಲಿ. ಓದಲು, ಆಸ್ಪತ್ರೆಗೆ, ಕೆಲಸಕ್ಕೆ, ಅಕ್ಕನ ಮನೆಗೆ ಅಂತ ಉತ್ತರ ಬಂದಾಗ ಇದು ಎರಡು ರಾಜ್ಯಗಳ ನಡುವಿನ ಮಾರ್ಗವೋ ಒಂದು ಊರಿನೊಳಗಿನ ಮಾರ್ಗವೋ ಅನ್ನುವುದು ಕಾಗದದ ಮೇಲೂ ಕಾಣುತ್ತದೆ.